ಸೌರ ಇನ್ವರ್ಟರಿನಿಂದ ಹೊರಡುವ ತಂತಿಗೆ ಎಷ್ಟು ಗಾತ್ರವಿರಬೇಕು?

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಗ್ರಾಮಗಳಲ್ಲಿ ಮನೆಯ ತಾರಸಿಯ ಮೇಲೂ ಕೊಳವೆ ಬಾವಿಯ ಸಮೀಪದಲ್ಲಿಯೂ ಸೌರಫಲಕಗಳು ಕಾಣಬರುತ್ತಿರುವುದು ವಾಚಕ ಮಹಾಶಯರಿಗೆ ತಿಳಿದ ಸಂಗತಿಯೇ ಆಗಿದೆ. 2019ರಲ್ಲಿ ಕೇಂದ್ರ ಸರ್ಕಾರದವರು ಮಂಜೂರು ಮಾಡಿದ ಕುಸುಮ್ ಯೋಜನೆಯಿಂದ ಬೇಸಾಯದ ಪಂಪುಗಳಿಗೂ, 2024ರ ಫೆಬ್ರವರಿಯಲ್ಲಿ ಪ್ರಾರಂಭವಾದ ಸೂರ್ಯಘರ್ ಯೋಜನೆಯಿಂದ ವಾಸದ ಮನೆಗಳಿಗೂ ಸಹಾಯಧನ ದೊರೆಯುವಂತಾದ ಮೇಲೆ ಈ ಕಾರ್ಯಕ್ಕೆ ಇನ್ನಷ್ಟು ಉತ್ತೇಜನ ಬಂದಿದೆ. ಫಲಕವನ್ನು ಕೊಳ್ಳುವಾಗ ಅದರ ವ್ಯಾಟು ಎಷ್ಟು, ಎಷ್ಟು ವರ್ಷಗಳ ಭರವಸೆ ಉಂಟು ಎಂಬುದಾಗಿ ಹತ್ತು ಬಾರಿ ವಿಚಾರಿಸತಕ್ಕ ಯಜಮಾನರು, ಇನ್ವರ್ಟರಿನಿಂದ ಮೀಟರಿಗೂ ಮೋಟಾರಿಗೂ ಹೋಗಬೇಕಾದ ತಂತಿಯ ವಿಷಯದಲ್ಲಿ ಮಾತ್ರ “ಮನೆಯಲ್ಲಿ ಇರುವುದನ್ನೇ ಎಳೆದುಬಿಡಿ” ಎಂದು ಹೇಳಿ ಸುಮ್ಮನಾಗುವುದುಂಟು. ಲಕ್ಷಾಂತರ ರೂಪಾಯಿಗಳ ಸಲಕರಣೆಯು ಕೆಲವು ಸಾವಿರಗಳ ತಂತಿಯ ದೆಸೆಯಿಂದ ಕುಂಟುವುದು ಹೀಗೆಯೇ. ಆದುದರಿಂದ ತಂತಿಯ ಗಾತ್ರವನ್ನು ಗೊತ್ತುಮಾಡುವ ಕ್ರಮವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವರಿಸಲಾಗಿದೆ. ಗುಣಾಕಾರ ಭಾಗಾಕಾರಗಳು ಬಂದರೆ ಸಾಕು. ಹೆಚ್ಚಿನ ಗಣಿತವೇನೂ ಬೇಕಾಗುವುದಿಲ್ಲ.

ಫಲಕಗಳಲ್ಲಿ ಹುಟ್ಟುವುದು ಡಿ.ಸಿ. ಎಂಬ ಏಕಮುಖ ವಿದ್ಯುತ್ತು. ಅದನ್ನು ಮನೆಯ ದೀಪಕ್ಕೂ ಪಂಪಿನ ಮೋಟಾರಿಗೂ ಒಗ್ಗುವ ಎ.ಸಿ. ವಿದ್ಯುತ್ತಾಗಿ ಮಾರ್ಪಡಿಸತಕ್ಕ ಪೆಟ್ಟಿಗೆಯೇ ಇನ್ವರ್ಟರು. ಇದರಿಂದ ಹೊರಡುವ ತಂತಿಯನ್ನು ನಮ್ಮ ನಾಲೆಯ ಬಯಲಿನವರು ಗದ್ದೆಯ ಕಾಲುವೆಗೆ ಹೋಲಿಸಿ ನೋಡಿದರೆ ವಿಷಯವು ಸುಲಭವಾಗಿ ಮನಸ್ಸಿಗೆ ಹಿಡಿಯುವುದು. ವೋಲ್ಟು ಎಂಬುದು ತೂಬಿನ ಬಳಿಯ ನೀರಿನ ಮಟ್ಟ. ಆಂಪಿಯರು ಎಂಬುದು ಹರಿಯುವ ನೀರಿನ ಪ್ರಮಾಣ. ತಂತಿಯ ಗಾತ್ರವೆಂಬುದು ಕಾಲುವೆಯ ಅಗಲ. ಕಾಲುವೆಯು ಕಿರಿದಾಗಿ, ದೂರವೂ ಹೆಚ್ಚಾಗಿದ್ದರೆ, ತೂಬಿನಲ್ಲಿ ಎಷ್ಟೇ ನೀರಿದ್ದರೂ ಕೊನೆಯ ಗದ್ದೆಗೆ ಮಟ್ಟ ಸಾಲದೆಂಬುದನ್ನು ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಒಕ್ಕಲಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಲೆಕ್ಕವು ನಮ್ಮ ಸೀಮೆಗೆ ಹೊಸದೂ ಅಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ಉತ್ಪತ್ತಿಯಾದ ವಿದ್ಯುತ್ತನ್ನು 1902ನೆಯ ಇಸವಿಯ ಜೂನ್ 30ರಂದು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಲಾಯಿತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ ಕೈಗೊಂಡ ಈ ಕಾರ್ಯದ ಎಂಜಿನಿಯರು ಜೋಲಿ ಡಿ ಲಾಟ್ಬಿನಿಯರ್ ಎಂಬುವರು. ಶೇಷಾದ್ರಿ ಅಯ್ಯರವರು ಅದರ ಹಿಂದಿನ ವರ್ಷವೇ ತೀರಿಕೊಂಡದ್ದರಿಂದ ಈ ಕಾರ್ಯದ ಫಲವನ್ನು ನೋಡಲಿಲ್ಲ. ಅಷ್ಟು ದೂರ ವಿದ್ಯುತ್ತನ್ನು ಒಯ್ಯುವಾಗ ಎದುರಾದ ಪ್ರಶ್ನೆಯೂ ಇದೇ: ತಂತಿಯಲ್ಲಿಯೇ ಶಕ್ತಿಯೆಲ್ಲ ಸೋರಿಹೋಗದಂತೆ ಮಾಡುವುದು ಹೇಗೆ? ವೋಲ್ಟನ್ನು ಮೂವತ್ತು ಸಾವಿರದ ಸುಮಾರಿಗೆ ಏರಿಸಿದ್ದೇ ಇದಕ್ಕೆ ಉತ್ತರ. ವೋಲ್ಟು ಹತ್ತು ಪಟ್ಟಾದರೆ ಅಷ್ಟೇ ಶಕ್ತಿಗೆ ಆಂಪಿಯರು ಹತ್ತರಲ್ಲಿ ಒಂದು ಪಾಲಾಗುತ್ತದೆ. ಅದೇ ತಂತಿಯಲ್ಲಿ ಶಾಖವಾಗಿ ಹಾಳಾಗುವ ಶಕ್ತಿಯಾದರೋ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಮನೆಯ 230 ವೋಲ್ಟನ್ನು ನಾವು ಹಾಗೆ ಏರಿಸುವಂತಿಲ್ಲ. ಆದುದರಿಂದ ನಮ್ಮ ಕೈಯಲ್ಲಿ ಉಳಿಯುವುದು ಎರಡೇ: ದೂರವನ್ನು ಕಡಮೆ ಮಾಡುವುದು, ಇಲ್ಲವೆ ತಂತಿಯನ್ನು ದಪ್ಪ ಮಾಡುವುದು.

ತಂತಿಯ ಗಾತ್ರವನ್ನು ಎರಡು ಅಳತೆಗಳಿಂದ ಪರೀಕ್ಷಿಸಿ, ಎರಡರಲ್ಲಿ ಯಾವುದು ಹೆಚ್ಚಿನ ಗಾತ್ರವನ್ನು ಕೇಳುವುದೋ ಅದನ್ನು ಆರಿಸತಕ್ಕದ್ದು. ಮೊದಲನೆಯದು ಶಾಖ, ಎರಡನೆಯದು ದೂರ. ನಮ್ಮ ಕಡೆಯ ಕೆಲಸಗಾರರಲ್ಲಿ ಅನೇಕರು ಮೊದಲನೆಯದನ್ನು ಮಾತ್ರ ನೋಡಿ, ಎರಡನೆಯದನ್ನು ಬಿಟ್ಟುಬಿಡುವರು.

ಶಾಖದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಮೂರು ಕಿಲೋವ್ಯಾಟಿನ ಇನ್ವರ್ಟರು 230 ವೋಲ್ಟಿನಲ್ಲಿ 13 ಆಂಪಿಯರನ್ನು ಹೊರಕ್ಕೆ ಕೊಡುವುದು. ಮಿಕ್ಸಿಯೋ ಇಸ್ತ್ರಿಪೆಟ್ಟಿಗೆಯೋ ಆದರೆ ಕೆಲವು ನಿಮಿಷ ನಡೆದು ನಿಲ್ಲುತ್ತದೆ. ಇನ್ವರ್ಟರಾದರೋ ಬೇಸಗೆಯಲ್ಲಿ ಗಂಟೆಗಟ್ಟಲೆ ಪೂರ್ಣ ಹೊರೆಯನ್ನು ಹೊರಿಸುತ್ತಲೇ ಇರುತ್ತದೆ. ಆದಕಾರಣ 13ಕ್ಕೆ ಕಾಲು ಪಾಲು ಸೇರಿಸಿ 16 ಆಂಪಿಯರಿಗಿಂತ ಸ್ವಲ್ಪ ಹೆಚ್ಚನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇದರ ಮೇಲೆ, ತಯಾರಕರ ಪಟ್ಟಿಯಲ್ಲಿ ತಂತಿಯೊಂದಕ್ಕೆ 20 ಆಂಪಿಯರು ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 40 ಡಿಗ್ರಿ ಸೆಂಟಿಗ್ರೇಡಿನ ಗಾಳಿಗೆ ಹೇಳಿದ ಮಾತು. ಏಪ್ರಿಲ್ ಮೇ ತಿಂಗಳುಗಳಲ್ಲಿ ತಾರಸಿಯ ಮೇಲೆ ಬಿಸಿಲಿಗೆ ಬಿದ್ದಿರುವ ಕೊಳವೆಯೊಳಗೆ 50 ಡಿಗ್ರಿಯಾದರೆ, ಪಿ.ವಿ.ಸಿ. ಹೊದಿಕೆಯ ತಂತಿಯ ಶಕ್ತಿ ಐದರಲ್ಲಿ ನಾಲ್ಕು ಪಾಲಿಗೆ ಇಳಿಯುವುದು. 60 ಡಿಗ್ರಿಯಾದರೆ ಅರ್ಧಕ್ಕಿಂತ ಸ್ವಲ್ಪವೇ ಮೇಲೆ ನಿಲ್ಲುವುದು. ಪಟ್ಟಿಯಲ್ಲಿ 20 ಎಂದಿದ್ದ ತಂತಿಯು ಆಗ ಹನ್ನೆರಡಕ್ಕೂ ಸಾಲದು. ಇದರ ಜೊತೆಗೆ ಕೂಡಿಸುವ ಬ್ರೇಕರು ತಂತಿಯು ತಡೆಯುವ ಆಂಪಿಯರಿಗಿಂತ ಹೆಚ್ಚಿನದಾಗಿರಕೂಡದು. ತಂತಿ ಸಣ್ಣದಿದ್ದು ಬ್ರೇಕರು ಪದೇ ಪದೇ ಬೀಳುತ್ತಿರುವಾಗ, ಬ್ರೇಕರನ್ನು ದೊಡ್ಡದು ಮಾಡಿ “ಸರಿಹೋಯಿತು” ಎನ್ನುವವರಿದ್ದಾರೆ. ಹುಲ್ಲಿನ ಮೆದೆಯೂ ಸೌದೆಯೂ ಇರುವ ಹಿತ್ತಿಲಿನಲ್ಲಿ ಇದಕ್ಕಿಂತ ಅಪಾಯಕರವಾದ ಕೆಲಸ ಮತ್ತೊಂದಿಲ್ಲ.

ಇನ್ನು ದೂರದ ವಿಷಯ. ಪೇಟೆಯಲ್ಲಿ “ಎರಡೂವರೆ ಎಂ.ಎಂ.”, “ನಾಲ್ಕು ಎಂ.ಎಂ.” ಎಂದು ಕರೆಯುವುದು ತಂತಿಯ ದಪ್ಪವನ್ನಲ್ಲ, ಅದನ್ನು ಅಡ್ಡಲಾಗಿ ಕತ್ತರಿಸಿದಾಗ ಕಾಣುವ ತಾಮ್ರದ ಮುಖದ ವಿಸ್ತೀರ್ಣವನ್ನು, ಚದರ ಮಿಲ್ಲಿಮೀಟರುಗಳಲ್ಲಿ. ಒಂದು ಮೀಟರು ಉದ್ದದ, ಒಂದು ಚದರ ಮಿಲ್ಲಿಮೀಟರು ಗಾತ್ರದ ತಾಮ್ರವು ಬಿಸಿಯಾಗಿರುವಾಗ ಸುಮಾರು 0.022 ಓಮ್ ತಡೆಯನ್ನು ಒಡ್ಡುವುದು. ಈ ಒಂದು ಅಂಕೆಯನ್ನು ನೆನಪಿನಲ್ಲಿಟ್ಟರೆ ಮಿಕ್ಕದ್ದೆಲ್ಲ ಬರುತ್ತದೆ. ಸಿಂಗಲ್ ಫೇಸಿನಲ್ಲಿ ವಿದ್ಯುತ್ತು ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ಹಿಂದಿರುಗಬೇಕಾದ್ದರಿಂದ ದೂರವನ್ನು ಇಮ್ಮಡಿ ಮಾಡಬೇಕು. ಹೀಗೆ,

ವೋಲ್ಟಿನ ವ್ಯತ್ಯಾಸ = 2 × ದೂರ × ಆಂಪಿಯರು × 0.022 ÷ ತಂತಿಯ ಗಾತ್ರ.

ಮದ್ದೂರು ತಾಲ್ಲೂಕಿನ ಒಂದು ತೊಟ್ಟಿಮನೆಯನ್ನು ಉದಾಹರಣೆಗೆಂದು ಊಹಿಸಿಕೊಳ್ಳೋಣ. ಹೆಂಚಿನ ಮಾಡಿನ ಮೇಲೆ ಫಲಕಗಳನ್ನಿಡಲು ಅನುಕೂಲವಿಲ್ಲವೆಂದು ಹಿಂದಿನ ಕೊಟ್ಟಿಗೆಯ ತಾರಸಿಯ ಮೇಲಿಟ್ಟು, ಮೂರು ಕಿಲೋವ್ಯಾಟಿನ ಇನ್ವರ್ಟರನ್ನು ಅಲ್ಲಿಯೇ ಗೋಡೆಗೆ ಹೊಡೆದಿರುವರು. ಮೀಟರು ಮುಂದಿನ ಜಗಲಿಯಲ್ಲಿದೆ. ತಂತಿ ಹೋಗಬೇಕಾದ ದಾರಿ 40 ಮೀಟರು. ಮನೆಯಲ್ಲಿದ್ದ 2.5ರ ತಂತಿಯನ್ನೇ ಎಳೆದರೆ 2 × 40 × 13 × 0.022 ÷ 2.5, ಎಂದರೆ ಸುಮಾರು 9 ವೋಲ್ಟು. “ಒಂಬತ್ತು ವೋಲ್ಟು ತಾನೆ, ಹೋದರೆ ಹೋಗಲಿ” ಎನ್ನಬಹುದು. ಆದರೆ ಇಲ್ಲಿಯೇ ಸೌರ ಇನ್ವರ್ಟರಿನ ವಿಶೇಷವಿರುವುದು.

ಕಂಬದಿಂದ ಮನೆಗೆ ವಿದ್ಯುತ್ತು ಬರುವಾಗ ತಂತಿ ಸಣ್ಣದಿದ್ದರೆ ದೀಪವು ಮಂಕಾಗುವುದು, ಅಷ್ಟೆ. ಇನ್ವರ್ಟರಾದರೋ ಮನೆಯಿಂದ ಕಂಬದ ಕಡೆಗೆ ವಿದ್ಯುತ್ತನ್ನು ತಳ್ಳಬೇಕು. ನೀರು ಹರಿಯಬೇಕಾದರೆ ತೂಬಿನ ಕಡೆಯ ಮಟ್ಟವು ಮೇಲಿರಬೇಕಲ್ಲವೆ? ಕಾಲುವೆ ಕಿರಿದಾದಷ್ಟೂ ನೀರು ತೂಬಿನ ಬಳಿಯೇ ತುಂಬಿಕೊಂಡು ಏರಿಯನ್ನು ಮುಟ್ಟುವುದು. ಹಾಗೆಯೇ ಇಲ್ಲಿ ಒಂಬತ್ತು ವೋಲ್ಟು ಕಡಮೆಯಾಗುವುದಿಲ್ಲ, ಇನ್ವರ್ಟರಿನ ಕೊನೆಯಲ್ಲಿ ಏರುತ್ತದೆ. ಮಧ್ಯಾಹ್ನ ಹೊರೆ ಹಗುರವಾಗಿ ಜಗಲಿಯ ಮೀಟರಿನಲ್ಲಿ 245 ವೋಲ್ಟು ಇದ್ದರೆ, ಕೊಟ್ಟಿಗೆಯ ಇನ್ವರ್ಟರಿನಲ್ಲಿ 254 ವೋಲ್ಟಾಗುವುದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮದಂತೆ, ವೋಲ್ಟು ನಿಗದಿಯಾದುದಕ್ಕಿಂತ ನೂರಕ್ಕೆ ಹತ್ತು ಪಾಲು ಮೀರಿದರೆ, ಎಂದರೆ 253ನ್ನು ದಾಟಿದರೆ, ಇನ್ವರ್ಟರು ಎರಡು ಸೆಕೆಂಡಿನೊಳಗೆ ತನ್ನ ತೂಬನ್ನು ತಾನೇ ಮುಚ್ಚಿಕೊಳ್ಳಬೇಕು. ಮುಚ್ಚಿದೊಡನೆ ಹರಿವು ನಿಂತು ವೋಲ್ಟು ಮತ್ತೆ 245ಕ್ಕೆ ಇಳಿಯುತ್ತದೆ, ಸ್ವಲ್ಪ ಹೊತ್ತು ಕಾದು ಇನ್ವರ್ಟರು ಪುನಃ ತೆರೆಯುತ್ತದೆ, ಪುನಃ ಏರುತ್ತದೆ, ಪುನಃ ಮುಚ್ಚುತ್ತದೆ. ಬೆಳಗ್ಗೆ ಎಂಟು ಗಂಟೆಗೆ ಚೆನ್ನಾಗಿ ನಡೆಯುತ್ತಿದ್ದುದು ಹನ್ನೊಂದರಿಂದ ಎರಡರವರೆಗೆ, ಬಿಸಿಲು ಅತ್ಯುತ್ತಮವಾಗಿರುವ ಸಮಯದಲ್ಲಿಯೇ, ಬಿಟ್ಟು ಬಿಟ್ಟು ನಿಲ್ಲುವುದು ಹೀಗೆ. ಆ ಮೂರು ಗಂಟೆಗಳಲ್ಲಿ ಮೂರು ಕಿಲೋವ್ಯಾಟಿನ ಫಲಕಗಳಿಂದ ಆರೇಳು ಯೂನಿಟ್ಟು ಬರಬಹುದಾಗಿತ್ತು. ಯಜಮಾನರು ಫಲಕವನ್ನು ದೂರುವರು, ಇನ್ವರ್ಟರು ಮಾಡಿದವರನ್ನು ದೂರುವರು. ಕೊಟ್ಟಿಗೆಯ ಗೋಡೆಯ ಮೇಲೆ ಮೌನವಾಗಿ ಓಡಿರುವ ತಂತಿಯ ಕಡೆಗೆ ಯಾರೂ ತಲೆಯೆತ್ತಿ ನೋಡರು.

ಅದೇ 40 ಮೀಟರಿಗೆ 6ರ ತಂತಿಯನ್ನು ಹಾಕಿದ್ದರೆ ಏರಿಕೆಯು ನಾಲ್ಕು ವೋಲ್ಟಿಗೂ ಒಳಗೆ. 10ರದಾದರೆ ಎರಡು ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಇನ್ವರ್ಟರಿನಿಂದ ಮೀಟರಿನವರೆಗಿನ ಏರಿಕೆಯು 230ರಲ್ಲಿ ನೂರಕ್ಕೆ ಎರಡು ಪಾಲನ್ನು, ಎಂದರೆ ನಾಲ್ಕೂವರೆ ವೋಲ್ಟನ್ನು ಮೀರದಂತೆ ನೋಡಿಕೊಳ್ಳುವುದು ಯುಕ್ತ. ಊರಿನ ಲೈನು ಮೊದಲೇ ಏರಿರುವ ಕಡೆಗಳಲ್ಲಿ ನೂರಕ್ಕೆ ಒಂದು ಪಾಲಿಗೆ ಇಳಿಸಿದರೆ ಇನ್ನೂ ಉತ್ತಮ. ಐದಾರು ಕಿಲೋವ್ಯಾಟಿನ ದೊಡ್ಡ ಏರ್ಪಾಡನ್ನು ಮಾಡಿಸುವವರು ಮೂರು ಫೇಸಿನ ಇನ್ವರ್ಟರನ್ನೇ ಕೇಳಬೇಕು. ಆರು ಕಿಲೋವ್ಯಾಟು ಒಂದು ಫೇಸಿನಲ್ಲಿ 26 ಆಂಪಿಯರಾಗುವುದು, ಮೂರು ಫೇಸಿನಲ್ಲಿ ತಂತಿಯೊಂದಕ್ಕೆ 9ಕ್ಕಿಂತ ಕಡಮೆ; ಮೂರೂ ಸಮತೂಕವಾಗಿದ್ದರೆ ಹಿಂದಿರುಗುವ ತಂತಿಯಲ್ಲಿ ನಷ್ಟವೂ ಇಲ್ಲ. ಅದೇ ಗಾತ್ರದ ತಂತಿಯಲ್ಲಿ ವೋಲ್ಟಿನ ವ್ಯತ್ಯಾಸವು ಆರರಲ್ಲಿ ಒಂದು ಪಾಲಿಗೆ ಇಳಿದುಬಿಡುವುದು.

ಇಲ್ಲಿ ಊರಿನ ಮುಖಂಡರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಇದೆ. ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗೆ ಹಲವು ಮನೆಗಳವರು ಸೌರಫಲಕಗಳನ್ನು ಹಾಕಿಸಿದಾಗ, ಎಲ್ಲರೂ ಮಧ್ಯಾಹ್ನ ಒಟ್ಟಿಗೆ ತಳ್ಳುವುದರಿಂದ ಊರಿನ ಲೈನೇ ಏರುತ್ತದೆ. ಆ ಏರಿಕೆಯು ಟ್ರಾನ್ಸ್‌ಫಾರ್ಮರಿಗೆ ದೂರವಾದ ಕೊನೆಯ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು. ನಾಲೆಯ ಕೊನೆಯವನಿಗೆ ನೀರು ಬಾರದೆ ನಷ್ಟ. ಲೈನಿನ ಕೊನೆಯವನಿಗೆ ತನ್ನ ವಿದ್ಯುತ್ತನ್ನು ಕಳುಹಿಸಲಾಗದೆ ನಷ್ಟ. ಹಾಕಿದ ಬಂಡವಾಳ ಇಬ್ಬರದೂ ಒಂದೇ. ಇಂಥ ಮನೆಯವನು ತನ್ನ ತಂತಿಯನ್ನು ಎಷ್ಟು ದಪ್ಪ ಮಾಡಿದರೂ ಪೂರ್ಣ ಪರಿಹಾರ ದೊರೆಯದು. ಮೀಟರಿನ ಬಳಿಯಲ್ಲಿಯೇ ಮಧ್ಯಾಹ್ನದ ವೋಲ್ಟು 250ನ್ನು ಸಮೀಪಿಸುತ್ತಿದೆಯೆಂದು ಕಂಡುಬಂದಲ್ಲಿ, ದಿನ, ವೇಳೆ, ವೋಲ್ಟು ಇವನ್ನು ಒಂದು ವಾರ ಬರೆದಿಟ್ಟು, ಊರಿನವರೆಲ್ಲರ ಪರವಾಗಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಉಪವಿಭಾಗಕ್ಕೆ ಅರ್ಜಿ ಕೊಡಬೇಕು. ಟ್ರಾನ್ಸ್‌ಫಾರ್ಮರಿನ ಟ್ಯಾಪನ್ನು ಇಳಿಸುವುದೋ ಲೈನನ್ನು ಬಲಪಡಿಸುವುದೋ ಅವರಿಂದ ಆಗತಕ್ಕ ಕೆಲಸ. ಒಬ್ಬೊಬ್ಬರೇ ಹೋಗಿ ಬಾಯಿಮಾತಿನಲ್ಲಿ ಹೇಳುವುದಕ್ಕಿಂತ, ಅಂಕೆಗಳನ್ನು ಬರೆದ ಒಂದು ಕಾಗದಕ್ಕೆ ಬೆಲೆ ಹೆಚ್ಚು.

ಈಗ ಪಂಪಿನ ವಿಷಯಕ್ಕೆ ಬರೋಣ. ಇಲ್ಲಿ ವಿದ್ಯುತ್ತು ಕಂಬಕ್ಕೆ ಹೋಗುವುದಿಲ್ಲ; ಇನ್ವರ್ಟರಿನಿಂದ ನೇರವಾಗಿ ಮೋಟಾರಿಗೆ ಇಳಿಯುವುದು. ಆದುದರಿಂದ ಮೊದಲಿನ ಕಾಲುವೆಯ ನ್ಯಾಯವೇ ಸರಿ: ಕೊನೆಯಲ್ಲಿ ಮಟ್ಟ ಇಳಿಯುವುದು. ಮಳವಳ್ಳಿಯ ಬೆದ್ದಲು ಭೂಮಿಯಲ್ಲಿ ಹಿಪ್ಪುನೇರಳೆಗೆಂದು ಕೊರೆಯಿಸಿದ ಒಂದು ಕೊಳವೆ ಬಾವಿಯನ್ನು ತೆಗೆದುಕೊಳ್ಳಿ. ಏಳೂವರೆ ಅಶ್ವಶಕ್ತಿಯ, 415 ವೋಲ್ಟಿನ ಮೂರು ಫೇಸಿನ ಸಬ್‌ಮರ್ಸಿಬಲ್ ಮೋಟಾರು. ಪೂರ್ಣ ಬಿಸಿಲಿನಲ್ಲಿ 14 ಆಂಪಿಯರಿನ ಸುಮಾರು. ಬಾವಿಯ ಸುತ್ತ ತೆಂಗಿನ ಮರಗಳ ನೆರಳಿರುವುದರಿಂದ ಫಲಕಗಳನ್ನೂ ಇನ್ವರ್ಟರನ್ನೂ 120 ಮೀಟರು ಆಚೆಯ ಬಯಲಿನಲ್ಲಿ ನಿಲ್ಲಿಸಿರುವರು. ಮೋಟಾರು ಇರುವುದು 180 ಮೀಟರು ಆಳದಲ್ಲಿ. ತಂತಿಯ ದೂರವನ್ನು ಕೇಳಿದರೆ ಹತ್ತರಲ್ಲಿ ಎಂಟು ಮಂದಿ 120 ಎನ್ನುವರು. ಬಾವಿಯೊಳಗೆ ಇಳಿದಿರುವುದೂ ತಂತಿಯೇ ತಾನೆ? ದೂರ 300 ಮೀಟರು.

ಮೂರು ಫೇಸಿಗೆ ಮೇಲ್ಕಂಡ ಸೂತ್ರದಲ್ಲಿ 2ರ ಬದಲು 1.73ನ್ನು ಇಡಬೇಕು. ಹಾಗೆ ಲೆಕ್ಕ ಹಾಕಿದರೆ ಪೂರ್ಣ ಹೊರೆಯಲ್ಲಿ ಬರುವ ಫಲ ಹೀಗಿದೆ:

4ರ ತಂತಿಗೆ 40 ವೋಲ್ಟು ಇಳಿತ, ಶಾಖವಾಗಿ ಹೋಗುವ ಶಕ್ತಿ ಸುಮಾರು 970 ವ್ಯಾಟು;
6ರ ತಂತಿಗೆ 27 ವೋಲ್ಟು, ಸುಮಾರು 650 ವ್ಯಾಟು;
10ರ ತಂತಿಗೆ 16 ವೋಲ್ಟು, ಸುಮಾರು 390 ವ್ಯಾಟು;
16ರ ತಂತಿಗೆ 10 ವೋಲ್ಟು, ಸುಮಾರು 240 ವ್ಯಾಟು.

ನಾಲ್ಕಕ್ಕೂ ಹತ್ತಕ್ಕೂ ಇರುವ ಅಂತರ 580 ವ್ಯಾಟು. ಈಗ ಬರುತ್ತಿರುವ ಫಲಕ ಒಂದೊಂದು 540 ವ್ಯಾಟಿನ ಆಸುಪಾಸಿನದು. ಎಂದಮೇಲೆ ಸಣ್ಣ ತಂತಿಯನ್ನು ಹಾಕುವುದೂ ಒಂದೇ, ಹಣ ಕೊಟ್ಟು ತಂದ ಒಂದು ಫಲಕದ ಮೇಲೆ ಕಂಬಳಿ ಹೊದಿಸಿ ಇಡುವುದೂ ಒಂದೇ. ಇದಕ್ಕಿಂತ ಕೆಟ್ಟದ್ದು ಮೋಟಾರಿಗೆ ಆಗುವ ಹಾನಿ. ವೋಲ್ಟು ಇಳಿದ ಮೋಟಾರು ಅದೇ ನೀರನ್ನೆತ್ತಲು ಹೆಚ್ಚು ಆಂಪಿಯರನ್ನು ಎಳೆಯುವುದು, ಅದರ ಸುರುಳಿ ಕಾಯುವುದು, ಒಂದು ಬೇಸಗೆಯಲ್ಲಿ ಸುಟ್ಟುಹೋಗುವುದು. 180 ಮೀಟರಿನ ಪೈಪನ್ನು ಮೇಲೆತ್ತಿಸಿ, ಮೋಟಾರಿಗೆ ಸುರುಳಿ ಕಟ್ಟಿಸಿ, ಮತ್ತೆ ಇಳಿಸುವ ಕೂಲಿಯನ್ನು ಒಮ್ಮೆ ಕೊಟ್ಟವರು ತಾಮ್ರದ ಬೆಲೆಯನ್ನು ಚೌಕಾಸಿ ಮಾಡಲಾರರು; ಅಷ್ಟರಲ್ಲಿ ಸೊಪ್ಪು ಬಾಡಿ ಹುಳುವಿನ ಮನೆಯೂ ಬರಿದಾಗಿರುವುದು. ಪಂಪಿನ ವಿಷಯದಲ್ಲಿ ಇಳಿತವು ನೂರಕ್ಕೆ ನಾಲ್ಕು ಪಾಲನ್ನು ಮೀರಬಾರದು. ಮೇಲಿನ ಉದಾಹರಣೆಯಲ್ಲಿ 10ರ ತಂತಿಯು ಆ ಗೆರೆಯೊಳಗೆ ನಿಲ್ಲುವುದು.

ಆದರೆ 300 ಮೀಟರು 10ರ ಮೂರೆಳೆಯ ಕೇಬಲ್ಲನ್ನು ಕೊಳ್ಳುವ ಮೊದಲು ದೂರವನ್ನೇ ಕಡಮೆ ಮಾಡುವಂತಿದೆಯೇ ಎಂದು ನೋಡಬೇಕು. ಇನ್ವರ್ಟರನ್ನು ಬಾವಿಯ ಬಳಿಗೆ ತಂದು ಒಂದು ಸಣ್ಣ ಗೂಡಿನೊಳಗೆ ನೆರಳಿನಲ್ಲಿಟ್ಟರೆ, ಅದರಿಂದ ಹೊರಡುವ ತಂತಿ 180 ಮೀಟರಾಗುವುದು. ಆಗ 6ರ ತಂತಿಯಲ್ಲಿಯೇ ಇಳಿತವು 16 ವೋಲ್ಟಿಗೆ ನಿಲ್ಲುವುದು. ಫಲಕದಿಂದ ಇನ್ವರ್ಟರಿಗೆ ಬರುವ ಡಿ.ಸಿ. ತಂತಿಯು 120 ಮೀಟರು ಉದ್ದವಾಗುವುದು ನಿಜ. ಆದರೆ ಇಂಥ ಪಂಪಿನ ಫಲಕಗಳನ್ನು ಸಾಲಾಗಿ ಜೋಡಿಸಿದಾಗ ವೋಲ್ಟು 600ರ ಸುಮಾರಿಗೆ ಬರುವುದರಿಂದಲೂ, ಎರಡೇ ತಂತಿಗಳು ಸಾಕಾಗುವುದರಿಂದಲೂ, ಆ 120 ಮೀಟರಿನ ನಷ್ಟವು ಅರ್ಧದಷ್ಟೇ ಆಗುವುದು. ಶಿವನಸಮುದ್ರದ ನ್ಯಾಯವು ಇಲ್ಲಿ ಚಿಕ್ಕ ರೂಪದಲ್ಲಿ ಕಾಣುತ್ತದೆ. ಡಿ.ಸಿ. ತಂತಿಯಲ್ಲಿ ಕಿಡಿ ಹತ್ತಿದರೆ ತಾನಾಗಿ ಆರುವುದು ಕಷ್ಟವಾದ್ದರಿಂದ, ಸೌರಕಾರ್ಯಕ್ಕೆಂದೇ ತಯಾರಾದ ತಂತಿಯನ್ನು ಕೊಳವೆಯೊಳಗಿಟ್ಟು, ನೇಗಿಲಿನ ಮೊನೆಗೂ ಟ್ರ್ಯಾಕ್ಟರಿನ ಕಲ್ಟಿವೇಟರಿಗೂ ಸಿಗದಷ್ಟು ಆಳದಲ್ಲಿ ಹೂಳಿಸಬೇಕು.

ಇನ್ವರ್ಟರನ್ನು ಬಾವಿಯ ಹತ್ತಿರ ತರುವುದಕ್ಕೆ ಇನ್ನೊಂದು ಕಾರಣವೂ ಇದೆ. ಪಂಪಿನ ಇನ್ವರ್ಟರು ಕೊಡುವ ವಿದ್ಯುತ್ತು ಕಂಬದ ವಿದ್ಯುತ್ತಿನಂತೆ ನಯವಾದ ಅಲೆಯಲ್ಲ. ಸೆಕೆಂಡಿಗೆ ಸಾವಿರಾರು ಸಲ ಬಡಿಯುವ ಪೆಟ್ಟುಗಳ ಸರಣಿ. ಉದ್ದವಾದ ತಂತಿಯಲ್ಲಿ ಈ ಪೆಟ್ಟುಗಳು ಮೋಟಾರಿನ ಬಾಯಿಯಿಂದ ಹಿಂದಕ್ಕೆ ಚಿಮ್ಮಿ, ಅಲ್ಲಿಯ ವೋಲ್ಟು ಕ್ಷಣಕಾಲ ಇಮ್ಮಡಿಯವರೆಗೆ ಏರಬಹುದು. ಇದರಿಂದ ಸುರುಳಿಯ ಹೊದಿಕೆ ಕ್ರಮೇಣ ತೂತಾಗುವುದು. ತಂತಿಯನ್ನು ದಪ್ಪ ಮಾಡುವುದರಿಂದ ಈ ದೋಷವು ಹೋಗುವುದಿಲ್ಲ. ಇನ್ವರ್ಟರಿನ ಬಾಯಿಯಲ್ಲಿ ಫಿಲ್ಟರು ಎಂಬ ಉಪಕರಣವನ್ನು ಕೂಡಿಸಬೇಕು. ಇಷ್ಟು ಮೀಟರಿನವರೆಗೆ ಫಿಲ್ಟರಿಲ್ಲದೆ ನಡೆಯಬಹುದೆಂದು ಇನ್ವರ್ಟರಿನ ಕೈಪಿಡಿಯಲ್ಲಿ ಸಾಮಾನ್ಯವಾಗಿ ಬರೆದಿರುವುದು. ಆಳವಾದ ಬಾವಿಯುಳ್ಳವರು ಮುಂಗಡ ಕೊಡುವ ಮೊದಲೇ ಆ ಸಾಲನ್ನು ತೋರಿಸಿರೆಂದು ಕೇಳತಕ್ಕದ್ದು. ಇದೇ ಪೆಟ್ಟುಗಳ ದೆಸೆಯಿಂದ ಸಾಮಾನ್ಯ ಮೀಟರನ್ನು ಪಂಪಿನ ಇನ್ವರ್ಟರಿಗೆ ಹಿಡಿದರೆ ತಪ್ಪು ಅಂಕೆಯನ್ನು ತೋರಿಸುವುದುಂಟು. ಅಲ್ಲಿ ಲೆಕ್ಕವನ್ನೇ ನಂಬಬೇಕು. ಮನೆಯ ಇನ್ವರ್ಟರಿಗೆ ಈ ತೊಡಕಿಲ್ಲ. ಬಿಸಿಲು ಚೆನ್ನಾಗಿರುವ ಮಧ್ಯಾಹ್ನ ಇನ್ವರ್ಟರಿನ ಬಾಯಲ್ಲಿ ಒಮ್ಮೆ, ಮೀಟರಿನ ಬಳಿ ಒಮ್ಮೆ ವೋಲ್ಟನ್ನು ಅಳೆಯಿಸಿ ಕಳೆದರೆ, ತಂತಿಯ ಯೋಗ್ಯತೆ ತಾನಾಗಿ ಹೊರಬೀಳುವುದು.

ತಾಮ್ರಕ್ಕೆ ಬದಲಾಗಿ ಅಲ್ಯೂಮಿನಿಯಂ ತಂತಿಯನ್ನು ಹಾಕಬಹುದೇ ಎಂದು ಕೆಲವರು ಕೇಳುವರು. ಬಾವಿಯೊಳಕ್ಕೆ ಬೇಡ. ನೆಲದ ಮೇಲಿನ ದೂರದ ಓಟಕ್ಕೆ ಹಾಕಬಹುದು. ಗಾತ್ರವು ತಾಮ್ರದ 1.6 ಪಟ್ಟು ಇರಬೇಕು, ಎಂದರೆ 10ರ ತಾಮ್ರಕ್ಕೆ 16ರ ಅಲ್ಯೂಮಿನಿಯಂ. ಎರಡೂ ಲೋಹಗಳು ಸೇರುವಲ್ಲಿ ಅದಕ್ಕೆಂದೇ ಇರುವ ಲಗ್ಗನ್ನು ಒತ್ತಿಸಬೇಕು. ಬರಿದೆ ಹೊಸೆದು ಟೇಪು ಸುತ್ತಿದ ಗಂಟು ಎರಡು ಮಳೆಗಾಲದಲ್ಲಿ ಕಿಲುಬು ಹಿಡಿದು ಕಾಯತೊಡಗುವುದು. ಅರ್ತಿಂಗ್ ತಂತಿಯು 16ರವರೆಗೆ ಫೇಸಿನ ತಂತಿಯಷ್ಟೇ ಗಾತ್ರದ್ದಾಗಿರಬೇಕು. ಇದರಲ್ಲಿ ಮಿತವ್ಯಯ ಕೂಡದು.

ಕೊನೆಯದಾಗಿ, ಬರೆದ ಗಾತ್ರವೂ ಒಳಗಿರುವ ತಾಮ್ರವೂ ಒಂದೇ ಎಂದು ನಂಬಿಬಿಡಬಾರದು. ಐ.ಎಸ್. 694ರ ಗುರುತನ್ನು ನೋಡುವುದರ ಜೊತೆಗೆ ಸುರುಳಿಯನ್ನು ತಕ್ಕಡಿಗೆ ಹಾಕಿಸಬೇಕು. 4ರ ಒಂಟಿ ತಂತಿಯ 100 ಮೀಟರಿನಲ್ಲಿ ತಾಮ್ರವೊಂದೇ ಸುಮಾರು 3.3 ಕಿಲೋಗ್ರಾಂ ತೂಗಬೇಕು; ಬಾವಿಗಿಳಿಸುವ ಮೂರೆಳೆಯ ಚಪ್ಪಟೆ ಕೇಬಲ್ಲಾದರೆ ಸುಮಾರು 10 ಕಿಲೋಗ್ರಾಂ. ಹೊದಿಕೆಯ ತೂಕ ಇದರ ಮೇಲೆ. ಹೊದಿಕೆಯೂ ಸೇರಿ ಇಷ್ಟಕ್ಕೆ ಬಾರದ ಸುರುಳಿಯನ್ನು ಅಂಗಡಿಯಲ್ಲಿಯೇ ಬಿಟ್ಟು ಬರಬೇಕು.